ಬೆಂಕಿಯಿಲ್ಲದ ಪಾತ್ರೆಯಲ್ಲಿ ಬೆಂದ ಪಂಚಮಿ

ಒಂದೂರು. ಊರೆಂದ ಮೇಲೆ ಒಬ್ಬ ಶ್ರೀಮಂತ ಇರಲೇಬೇಕಲ್ಲ, ಇದ್ದ. ಅವನ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ನೀವೆಲ್ಲ ‘ಓ, ಅವನಾ!’ ಎಂದು ನಿರಾಳವಾಗಿ ಮಠದ ಗೋಡೆಗೆ ಒರಗಿ ಕೂತುಬಿಡುತ್ತೀರಿ. ಹಾಗೆ ಕೂರುವುದು ಬೇಡ. ಅವನ ಹೆಂಡತಿಯ ಹೆಸರನ್ನು ಮಾತ್ರ ಹೇಳುತ್ತೇನೆ. ಕಾಶವ್ವ. ಯಾಕೆ ಹೇಳುತ್ತೇನೆ ಗೊತ್ತೇ? ಆ ಮನೆಯಲ್ಲಿ ಅವಳನ್ನು ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ‘ಏ’, ‘ಕೇಳಸ್ತೇನ’, ‘ಚಾ ಆತೇನ’, ಇವೇ ಅವಳ ಹೆಸರುಗಳು. ನಾವಾದರೂ ಕಾಶವ್ವ ಎನ್ನೋಣ.

ನೋಡಿ, ಆ ಮನೆಯಲ್ಲಿ ಹಿಂದಿನಿಂದ ಬಂದ ಒಂದು ಪದ್ಧತಿ ಇತ್ತು. ನಾಗರಪಂಚಮಿಯ ದಿನ ಒಲೆ ಹೊತ್ತಿಸಬಾರದು, ಹೆಚ್ಚಬಾರದು, ಹುರಿಯಬಾರದು, ಕರಿಯಬಾರದು. ಮೊದಲೇ ಮಾಡಿಟ್ಟ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಮೊಸರು, ಉಂಡಿ ತಿಂದು ಹಬ್ಬ ಮಾಡಬೇಕು. ಯಾಕಪ್ಪಾ ಎಂದು ಕೇಳಿದರೆ ಶ್ರೀಮಂತ, “ನಾಗಪ್ಪ ಮುನೀತಾನ್ರೀ” ಎನ್ನುತ್ತಿದ್ದ. ನಾಗಪ್ಪನಿಗೂ ನಿಮ್ಮ ಮನೆಯ ರೊಟ್ಟಿ ಹಂಚಿಗೂ ಏನು ಜಗಳ? ಹಿರಿಯರು ಬುದ್ಧಿವಂತರಿದ್ದರು, ಅಷ್ಟೇ. ‘ಮನೆಯ ಹೆಣ್ಣುಮಕ್ಕಳಿಗೆ ಒಂದು ದಿನ ಬಿಡುವು ಕೊಡಿ’ ಎಂದರೆ ನೀವು ಕೇಳುವವರಲ್ಲ ಎಂದು ಅವರಿಗೆ ಗೊತ್ತಿತ್ತು. ಹಾವಿನ ಹೆಸರು ಹೇಳಿದರು. ಹಾವಿಗೆ ಹೆದರುತ್ತೀರಿ. ಹೆಂಡತಿಯ ಕಣ್ಣೀರಿಗೆ ಎಲ್ಲಿ ಹೆದರುತ್ತೀರಿ?

ಹಾಗಾಗಿ ವರ್ಷದಲ್ಲಿ ಅದೊಂದು ದಿನ ಕಾಶವ್ವನದು. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗಬೇಕು, ಜೋಕಾಲಿ ಜೀಕಬೇಕು. ಕಾಶವ್ವನಿಗೆ ಒಬ್ಬಳೇ ತಂಗಿ. ಅವಳನ್ನು ದೂರದ ಊರಿಗೆ ಕೊಟ್ಟಿದ್ದರು. ಅಕ್ಕತಂಗಿ ಒಬ್ಬರ ಮುಖ ಒಬ್ಬರು ಕಾಣುತ್ತಿದ್ದುದು ವರ್ಷಕ್ಕೊಮ್ಮೆ, ಆ ದಿನ, ತವರುಮನೆಯ ಬೇವಿನ ಮರದ ಜೋಕಾಲಿಯ ಮೇಲೆ. ಆದರೆ ಶ್ರೀಮಂತನಿಗೂ ಒಬ್ಬ ತಂಗಿ ಇದ್ದಳಲ್ಲ! ಅವಳಿಗೆ ಈ ಮನೆಯೇ ತವರು. ಅವಳು ಬಂದು ಕೂರುತ್ತಾಳೆ, ಕೂತವಳಿಗೆ ನೀಡಲು ಕಾಶವ್ವ ಬೇಕು. ತನ್ನ ತಂಗಿಯ ತವರು ಉಳಿಯಬೇಕು, ಹೆಂಡತಿಯ ತವರು ಹಾಳಾಗಿ ಹೋಗಲಿ. ಇದು ಅವನ ನ್ಯಾಯ. ಹೀಗಾಗಿ ಕಳೆದ ವರ್ಷ ಕಾಶವ್ವ ಹೋಗಲಿಲ್ಲ. ಅದರ ಹಿಂದಿನ ವರ್ಷವೂ ಹೋಗಲಿಲ್ಲ.

ಈ ವರ್ಷ ಏನಾಯಿತು? ಶುಕ್ರವಾರ, ಶನಿವಾರ, ಭಾನುವಾರ, ಸಾಲಾಗಿ ರಜೆ. ಭಾನುವಾರ ಪಂಚಮಿ. ರಜೆಗೆ ಮುಂಚೆ ಶ್ರೀಮಂತ ಪೇಟೆಯಿಂದ ಒಂದು ದೊಡ್ಡ ಡಬ್ಬಿ ಹೊತ್ತು ತಂದ. ಬಿಚ್ಚಿದರೆ ಸ್ಲೋ ಕುಕ್ಕರ್. ಕರೆಂಟಿನ ಪಾತ್ರೆ. ಗಾಜಿನ ಮುಚ್ಚಳ, ಮುಂದೆ ಒಂದು ಗುಂಡಿ. ಬೆಳಗ್ಗೆ ಎಲ್ಲ ಹಾಕಿ ಗುಂಡಿ ತಿರುವಿದರೆ ಸಂಜೆಯ ಹೊತ್ತಿಗೆ ಊಟ ತಯಾರು. ಸೀಟಿ ಹೊಡೆಯುವುದಿಲ್ಲ, ತಳ ಹಿಡಿಯುವುದಿಲ್ಲ, ಎದುರಿಗೆ ನಿಂತು ಕೈಯಾಡಿಸುವ ಕೆಲಸವಿಲ್ಲ.

“ನೋಡ, ನಿನಗ ಅಂತನ ತಂದೇನಿ. ಇನ್ನ ಮ್ಯಾಲ ನಿನಗ ಕೆಲಸ ಅನ್ನೂದ ಇಲ್ಲ” ಎಂದ ಶ್ರೀಮಂತ, ಮೀಸೆ ಸವರಿಕೊಳ್ಳುತ್ತ.

ಕಾಶವ್ವ ಆ ಮಾತನ್ನು ನಂಬಿದಳು. ಪಾಪ, ನಂಬಿದಳು. “ಹಂಗಾರ ಈ ಪಂಚಮಿಗೆ ತವರಿಗೆ ಹೋಗಿ ಬರ್ಲೇನ್ರೀ? ತಂಗಿ ಬರತಾಳಂತ” ಎಂದು ಕೇಳಿದಳು.

“ಹೋಗಿ ಬಾ! ಯಾರ ಬ್ಯಾಡಂದಾರ?”

ಎಂಥ ಉದಾರಿ ನೋಡಿ! ಕಾಶವ್ವ ಕುಣಿಯುವುದೊಂದು ಬಾಕಿ. ಅಂದೇ ತಂಗಿಗೆ ಫೋನು ಮಾಡಿದಳು. ತಂಗಿ, “ಯಕ್ಕಾ, ಮುಂಜಾನೆನ ಬಾ. ಸಂಜಿ ಬಸ್ಸಿಗೆ ನಾ ವಾಪಸ್ ಹೋಗಬೇಕ, ಸೋಮವಾರ ಹುಡುಗರ ಸಾಲಿ ಐತಿ” ಎಂದಳು. “ಈ ಸಲ ಏನ ಆಗ್ಲಿ, ಬಂದ ಬರತೇನಿ” ಎಂದಳು ಕಾಶವ್ವ.

ಆಮೇಲೆ ನಮ್ಮ ಶ್ರೀಮಂತ ಪಡಸಾಲೆಯಲ್ಲಿ ಕೂತು ಫೋನು ಹಿಡಿದ. ಆ ಗೆಳೆಯನಿಗೆ, ಈ ವ್ಯಾಪಾರಿಗೆ, ಊರ ಪ್ರಮುಖರಿಗೆ, ಎಲ್ಲರಿಗೂ ಒಂದೇ ಮಾತು. “ಹೆಂಗೂ ಸೂಟಿ ಐತಿ, ಐತವಾರ ಸಂಜಿಮುಂದ ಊಟಕ್ಕ ಬರ್ರಿ.” ಯಾರೋ ಒಬ್ಬ, “ಪಂಚಮಿ ದಿನ ನಿಮ್ಮಲ್ಲಿ ಒಲಿ ಹಚ್ಚೂದಿಲ್ಲಲ್ರೀ?” ಎಂದು ಕೇಳಿರಬೇಕು. ಶ್ರೀಮಂತ ಬಿದ್ದು ಬಿದ್ದು ನಕ್ಕ. “ಕರೆಂಟಿನ ಪಾತ್ರೆ ತಂದೇನ್ರೀ, ಇದಕ್ಕ ಒಲಿನ ಬೇಕಾಗಿಲ್ಲ! ಬೆಂಕಿನ ಇಲ್ಲ! ಯಾವ ದೇವರೂ ಬೆರಳ ಮಾಡಿ ತೋರಸಾಂಗಿಲ್ಲ!”

ತಿಳಿಯಿತೇ ಬುದ್ಧಿ? ಪದ್ಧತಿಯನ್ನು ಮುರಿಯುವ ಧೈರ್ಯ ಇಲ್ಲ, ಪಾಲಿಸುವ ಮನಸ್ಸೂ ಇಲ್ಲ. ಸಂದಿ ಹುಡುಕಿದ. ಒಲೆಗೆ ರಜೆ ಕೊಟ್ಟ, ಒಲೆಯ ಮುಂದೆ ಕೂರುವವಳ ರಜೆ ಕಿತ್ತುಕೊಂಡ. ದೇವರ ಎದುರಿಗೇ ವಕೀಲಿಕೆ ಮಾಡುವ ಇಂಥ ಜಾಣರಿಗೆ ಏನು ಹೇಳೋಣ!

ಸರಿ, ಸುಲಭದ ಅಡುಗೆ ಎಷ್ಟು ಸುಲಭ ಅಂತ ನೋಡೋಣ. ಪಂಚಮಿಯ ದಿನ ಹೆಚ್ಚಬಾರದಲ್ಲ, ಹಾಗಾಗಿ ಶನಿವಾರವೇ ಅಷ್ಟೂ ಜನರ ಉಳ್ಳಾಗಡ್ಡಿ, ಟೊಮೆಟೊ ಹೆಚ್ಚಿಡಬೇಕು. ಹುರಿಯಬಾರದಲ್ಲ, ಹಾಗಾಗಿ ಕೊಬ್ಬರಿ, ಎಳ್ಳು, ಮಸಾಲೆ ಅಂದೇ ಹುರಿದು ರುಬ್ಬಿಡಬೇಕು. ಕಡಲೆಕಾಳು ಆರಿಸಿ ನೆನೆಹಾಕಬೇಕು. ರೊಟ್ಟಿಯ ಬುಟ್ಟಿ ಸಾಲದು, ಇನ್ನೊಂದು ಬುಟ್ಟಿ ತುಂಬಬೇಕು. ಅತಿಥಿಗಳು ದೊಡ್ಡವರು, ಉಂಡಿ ನಾಲ್ಕು ಥರ ಇರಬೇಕು. ಪಾತ್ರೆ ಮಾತ್ರ ಅಡುಗೆಮನೆಯ ಕಟ್ಟೆಯ ಮೇಲೆ ಹೊಸ ಅಳಿಯನ ಹಾಗೆ ಸುಮ್ಮನೆ ಕೂತಿತ್ತು. ಕಾಶವ್ವ ಬೈಯಲಿಲ್ಲ. ಇವತ್ತು ಸತ್ತು ಸುಣ್ಣವಾದರೂ ಆಗಲಿ, ನಾಳೆ ನನ್ನದು ಎಂದು ದುಡಿದಳು.

ಭಾನುವಾರ ಬೆಳಗ್ಗೆ ಅವಳನ್ನು ಕರೆದೊಯ್ಯಲು ತವರಿನಿಂದ ಅವಳ ತಮ್ಮ ಬೈಕ್ ತಂದು ಬಾಗಿಲಲ್ಲಿ ನಿಲ್ಲಿಸಿದ. ಕಾಶವ್ವ ಕಾಳು, ಮಸಾಲೆ, ತರಕಾರಿ ಎಲ್ಲವನ್ನೂ ಪಾತ್ರೆಗೆ ಹಾಕಿ, ಗುಂಡಿ ತಿರುವಿ, ಇಳಕಲ್ ಸೀರೆ ಉಟ್ಟು ಹೊರಗೆ ಬಂದಳು.

“ಅಯ್ಯ, ಅರ್ಧಾ ತಾಸು ನಿಂದ್ರ. ಅದು ಹೆಂಗ ಕುದಿಯತೈತೋ ಏನೋ, ಒಂಚೂರ ನೋಡಿ ಹೋಗ” ಎಂದ ಶ್ರೀಮಂತ.

ನೋಡಬೇಕಾಗಿಲ್ಲ ಎಂದೇ ತಂದ ಪಾತ್ರೆ! ಅದನ್ನು ನೋಡಲು ಒಬ್ಬಳು ಬೇಕಾಯಿತು. ಕಾಶವ್ವ ನಿಂತಳು. ತಮ್ಮ ಕಟ್ಟೆಯ ಮೇಲೆ ಕೂತ. ಅಷ್ಟರಲ್ಲಿ ಶ್ರೀಮಂತನಿಗೆ ಅನ್ನದ ನೆನಪಾಯಿತು. “ಅನ್ನಕ್ಕೂ ಕರೆಂಟಿನ ಕುಕ್ಕರ್ ಐತಲ್ಲ, ಅದಕ್ಕೂ ಬೆಂಕಿಲ್ಲ, ಅದೊಂದ ಇಟ್ಟ ಹೋಗ.” ಇಟ್ಟಳು. ಒಳಗಿನಿಂದ ನಾದಿನಿ, “ವೈನೀ, ಪಾನಕ ಮಾಡಿ ಇಡ್ರಿ, ಮಂದಿ ಬಂದ ಕೂಡ್ಲೆ ಕೇಳತಾರ” ಎಂದಳು. ಮಾಡಿದಳು. ತಮ್ಮ ಒಳಗೆ ಇಣುಕಿ, “ಮಾಮಾ, ಹೊತ್ತಾಕತೈತ್ರಿ, ಅಲ್ಲಿ ಕಾಯಾಕತ್ತಾರ” ಎಂದ. “ಏ ತಮ್ಮಾ, ತವರಮನಿ ಏನ ಓಡಿ ಹೊಕ್ಕೈತೇನ? ಕುಂದ್ರ” ಎಂದ ಮಾಮ.

ತವರುಮನೆ ಓಡಿ ಹೋಗುವುದಿಲ್ಲ, ನಿಜ. ದಿನ ಓಡಿ ಹೋಗುತ್ತದಲ್ಲ? ಅದನ್ನು ಹಿಡಿದು ಕಟ್ಟುವವರು ಯಾರು?

ಮಧ್ಯಾಹ್ನ ತಂಗಿಯ ಫೋನು ಬಂತು. “ಯಕ್ಕಾ, ಎಲ್ಲಿದ್ದಿ?” ಕಾಶವ್ವನ ಕೈತುಂಬ ಬೆಲ್ಲದ ಅಂಟು. ಫೋನನ್ನು ಭುಜಕ್ಕೆ ಒತ್ತಿ ಹಿಡಿದು, “ಹೊಂಟೇನಿ, ಹೊಂಟ ಬಿಟ್ಟೇನಿ” ಎಂದಳು. ಹೊರಟಿರಲಿಲ್ಲ. ತಂಗಿಗೂ ಅದು ತಿಳಿಯಿತು. “ನಾ ಜೋಕಾಲಿ ಮ್ಯಾಲ ಕುಂತೇನಿ ನೋಡ, ನೀ ಬರೂತನಾ ಇಳಿಯಾಂಗಿಲ್ಲ” ಎಂದು ಫೋನಿಟ್ಟಳು.

‘ಇದೊಂದು, ಇದೊಂದು’ ಎನ್ನುತ್ತಲೇ ಹೊತ್ತು ಇಳಿಯಿತು, ಅತಿಥಿಗಳು ಬಂದರು. ಬಂದವರನ್ನು ಶ್ರೀಮಂತ ಮೊದಲು ಕರೆದುಕೊಂಡು ಹೋದದ್ದು ದೇವರಮನೆಗಲ್ಲ, ಪಾತ್ರೆಯ ಬಳಿಗೆ! ಗಾಜಿನ ಮುಚ್ಚಳದೊಳಗೆ ಎಲ್ಲರೂ ಬಗ್ಗಿ ಬಗ್ಗಿ ನೋಡಿದರು. ಆಹಾ, ಏನು ಬಣ್ಣ! ಏನು ವಾಸನೆ! ಒಬ್ಬ ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡ. ಶ್ರೀಮಂತ ತಾನೇ ಹೆತ್ತವನ ಹಾಗೆ ಬೀಗಿದ. ಅದೇ ಪಾತ್ರೆಯ ಹಿಂದೆ ಒಬ್ಬ ಹೆಂಗಸು ಬೆವರು ಒರೆಸಿಕೊಳ್ಳುತ್ತ ನಿಂತಿದ್ದಳು. ಅವಳನ್ನು ‘ಆರಾಮ ಇದ್ದೀರೇನ್ರೀ ಅಕ್ಕಾರ’ ಎಂದು ಕೇಳಿದ ಒಬ್ಬ ಮಹಾನುಭಾವನೂ ಇರಲಿಲ್ಲ.

ಪಡಸಾಲೆಯಲ್ಲಿ ಪಂಕ್ತಿ ಕೂತಿತು. ಕಾಶವ್ವ ತಾಟುಗಳ ರಾಶಿ ಹೊತ್ತು ಬಾಗಿಲಿಗೆ ಬಂದಳು. ಆಗ ಒಬ್ಬ ಅತಿಥಿ ಕೇಳಿದ, “ಹಂಗಾರ ಮನಿಯವರಿಗೆ ಏನ ಕೆಲಸ ಉಳೀತ್ರೀ?”

“ಆಕೀಗೇನ್ರೀ? ಆರಾಮ! ಎಲ್ಲಾ ಪಾತ್ರೆನ ಮಾಡತೈತಿ” ಎಂದ ಶ್ರೀಮಂತ.

ಕಾಶವ್ವ ಬಾಗಿಲಲ್ಲೇ ಈ ಮಾತು ಕೇಳಿಸಿಕೊಂಡಳು. ಶನಿವಾರವಿಡೀ ದುಡಿದದ್ದಕ್ಕೆ ಅಳು ಬಂದಿರಲಿಲ್ಲ, ಬೆಳಗಿನಿಂದ ಕಾದದ್ದಕ್ಕೆ ಸಿಟ್ಟು ಬಂದಿರಲಿಲ್ಲ. ಈ ಮಾತಿಗೆ ಎರಡೂ ಒಟ್ಟಿಗೇ ಬಂದವು. ತಾಟಿನ ರಾಶಿಯನ್ನು ಪಡಸಾಲೆಯ ನಡುವೆ ಇಟ್ಟಳು. ಸೆರಗಿಗೆ ಕೈ ಒರೆಸಿಕೊಂಡಳು.

“ಮಾಡೂದು ಪಾತ್ರೆ ಮಾಡೇತಿ. ನೀಡೂದೂ ಅದ ನೀಡ್ಲಿ. ನಾ ಹೋಗಿ ಬರತೇನ್ರೀ” ಎಂದಳು. ಅಂದವಳೇ ಹೊರಗೆ ಬಂದು, “ನಡಿ ತಮ್ಮಾ” ಎಂದು ಬೈಕ್ ಹತ್ತಿ ಕೂತಳು.

ಪಡಸಾಲೆಯಲ್ಲಿ ಅಷ್ಟೂ ಗಂಡಸರು ಪಾತ್ರೆಯ ಕಡೆ ನೋಡಿದರು. ಪಾತ್ರೆ ಏಳಲಿಲ್ಲ. ಶ್ರೀಮಂತ ತಂಗಿಯನ್ನು ಕೂಗಿದ. “ಯಣ್ಣಾ, ನಾ ತವರಿಗೆ ಬಂದೇನೋ, ನೀಡಾಕ ಬಂದೇನೋ?” ಎಂದು ಅವಳು ಒಳಗಿನಿಂದಲೇ ಕೇಳಿದಳು. ಅವನ ಮುಖ ಹುಳ್ಳಗಾಯಿತು. ತಾನೇ ಎದ್ದ. ಸೌಟು ಎಲ್ಲಿದೆ? ಗೊತ್ತಿಲ್ಲ. ಉಪ್ಪು ಎಲ್ಲಿದೆ? ಗೊತ್ತಿಲ್ಲ. ತಾನು ಕಟ್ಟಿಸಿದ ಮನೆಯ ಅಡುಗೆಮನೆಯಲ್ಲಿ ದಿಕ್ಕು ತಪ್ಪಿದವನ ಹಾಗೆ ತಿರುಗಿದ. ಕೈಯಿಂದಲೇ ಮುಚ್ಚಳ ಎತ್ತಲು ಹೋದರೆ, ಬೆಂಕಿಯೇ ಇಲ್ಲದ ಪಾತ್ರೆ ಅವನ ಬೆರಳು ಸುಟ್ಟಿತು.

ನಗುತ್ತಿದ್ದೀರಿ. ಆ ಕಡೆ ಒಂದಿಬ್ಬರು ತಾಯಂದಿರು ಚಪ್ಪಾಳೆಯನ್ನೂ ತಟ್ಟಿದರು. ತಟ್ಟಬೇಡಿ ತಾಯಿ, ಕತೆ ಮುಗಿದಿಲ್ಲ.

ಕಾಶವ್ವ ತವರಿನ ಬಾಗಿಲಲ್ಲಿ ಇಳಿದಾಗ ಬೇವಿನ ಮರದ ಜೋಕಾಲಿ ಖಾಲಿ ತೂಗುತ್ತಿತ್ತು. ತಮ್ಮನ ಹೆಂಡತಿ ಓಡಿ ಬಂದು, “ಈಗ ಹ್ವಾದ್ಲ ನೋಡ್ರಿ ಅಕ್ಕಾರ. ದಾರಿ ನೋಡಿ ನೋಡಿ, ಕಡೀ ಬಸ್ಸ ಬಂದ ಮ್ಯಾಲ ಅಳಕೋತ ಹತ್ತಿದ್ಲು” ಎಂದಳು. ಕಾಶವ್ವ ಹೋಗಿ ಜೋಕಾಲಿಯ ಮೇಲೆ ಕೂತಳು. ಹಲಗೆ ಇನ್ನೂ ಬೆಚ್ಚಗಿತ್ತು. ಕಾಲು ನೆಲಕ್ಕೆ ಊರಿಕೊಂಡು, ಜೀಕದೆ, ಬಿಕ್ಕಿ ಬಿಕ್ಕಿ ಅತ್ತಳು.

ಈಗ ಹೇಳಿ, ಗೆದ್ದವಳು ಯಾರು? ಮಾತಿನಲ್ಲಿ ಗೆದ್ದಳು, ದಿನವನ್ನು ಕಳೆದುಕೊಂಡಳು. ಬರುವ ವರ್ಷ ಹೋದರಾಯಿತು ಎನ್ನುತ್ತೀರಾ? ನಿಮ್ಮ ರಜೆಯನ್ನು ಹಾಗೆ ಬರುವ ವರ್ಷಕ್ಕೆ ತಳ್ಳುತ್ತೀರಾ ಸ್ವಾಮಿ? ಚಾ ಕಾಲು ತಾಸು ತಡವಾದರೆ ಮನೆ ಎತ್ತಿ ಕುಣಿಯುವವರು ನೀವು!

ಮಿಕ್ಸರ್ ತಂದಿರಿ, ಕುಕ್ಕರ್ ತಂದಿರಿ, ಬಟ್ಟೆ ಒಗೆಯುವ ಮಷೀನು ತಂದಿರಿ. ಒಳ್ಳೆಯದೇ. ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಅದರಿಂದ ಉಳಿದ ಹೊತ್ತು ಯಾರ ಪಾಲಿಗೆ ಹೋಯಿತು, ಅದನ್ನು ಹೇಳಿ. ಅವಳಿಗೆ ಒಂದು ತಾಸು ಉಳಿಯಿತು ಎಂದು ಗೊತ್ತಾದ ಕೂಡಲೇ ಆ ತಾಸಿಗೆ ನಾಲ್ಕು ಜನರನ್ನು ಊಟಕ್ಕೆ ಕರೆಯುತ್ತೀರಿ. ಕೊಟ್ಟ ಹಾಗೆ ಮಾಡಿ ಕಿತ್ತುಕೊಳ್ಳುವ ಈ ಚಾಳಿಗೆ ಪ್ರೀತಿ ಎಂದು ಬೇರೆ ಹೆಸರಿಡುತ್ತೀರಿ, ನಾಚಿಕೆಯಾಗಬೇಕು.

ಇವತ್ತು ಮನೆಗೆ ಹೋಗಿ ಒಂದು ಕೆಲಸ ಮಾಡಿ. ‘ನೀನು ಯಾವಾಗ ಹೋಗಬೇಕು, ಎಲ್ಲಿಗೆ ಹೋಗಬೇಕು’ ಎಂದು ಹೆಂಡತಿಯನ್ನು ಕೇಳಿ. ಅವಳು ಹೇಳಿದ ದಿನ ಬಾಗಿಲವರೆಗೆ ಹೋಗಿ ಕಳಿಸಿ. ‘ಇದೊಂದು ಮಾಡಿಟ್ಟು ಹೋಗು’ ಎಂಬ ಮಾತು ನಾಲಿಗೆಗೆ ಬಂದರೆ ನಾಲಿಗೆ ಕಚ್ಚಿಕೊಳ್ಳಿ. ಸೌಟು ಎಲ್ಲಿದೆ, ಉಪ್ಪು ಎಲ್ಲಿದೆ, ಅದನ್ನೂ ಈ ವಾರವೇ ಕಲಿಯಿರಿ. ಅತಿಥಿಯನ್ನು ಕರೆದವರು ನೀವಾದರೆ ನೀಡುವವರೂ ನೀವೇ ಆಗಿ.

ನಾಳೆ, ನಾಡಿದ್ದು ಎನ್ನುತ್ತೀರಿ, ನನಗೆ ಗೊತ್ತು. ಹಿಂದೆ ತಿರುಗಿ ತಾಯಂದಿರ ಸಾಲು ನೋಡಿ. ಅರ್ಧ ಖಾಲಿ ಇದೆ. ಯಾಕೆ? ನಿಮ್ಮ ಮನೆಯ ಹೆಣ್ಣುಮಕ್ಕಳು ಈ ಮಠದ ಹಿತ್ತಲಲ್ಲಿ, ದಾಸೋಹದ ಒಲೆಗಳ ಮುಂದೆ, ನಿಮ್ಮ ಪ್ರಸಾದಕ್ಕೆ ರೊಟ್ಟಿ ಬಡಿಯುತ್ತ ಕೂತಿದ್ದಾರೆ. ಇಷ್ಟು ಹೊತ್ತು ನಾನು ಹೇಳಿದ್ದರಲ್ಲಿ ಒಂದು ಅಕ್ಷರವೂ ಅವರ ಕಿವಿಗೆ ಬಿದ್ದಿಲ್ಲ. ಏಳಿ. ಮುಂದಿನ ಸಾಲಿನ ದೊಡ್ಡ ಮನುಷ್ಯರು ಮೊದಲು ಏಳಿ, ಅಂಗಿಯ ತೋಳು ಮಡಚಿ, ಬಕೆಟ್ಟು ಸೌಟು ಹಿಡಿಯಿರಿ. ಆ ತಾಯಂದಿರನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿ ನೀಡಿ. ಅವರು ಉಂಡು ಏಳುವವರೆಗೆ ನಾನು ಮಂಗಳ ಹಾಡುವುದಿಲ್ಲ.