ಕಣ್ಣು ಮುಚ್ಚಿ ಕೇಳುವ ಕ್ಲಾಸು

ಅಧ್ಯಕ್ಷ ಸ್ಥಾನದಲ್ಲಿರುವ ಪೂಜ್ಯ ಫಾದರ್ ಅವರೇ, ಬೀಳ್ಕೊಡುಗೆಯೇ ಬೇಡವೆಂದು ಹಟ ಹಿಡಿದು ಕೊನೆಗೆ ವೇದಿಕೆ ಹತ್ತಿರುವ ಅಪೊಲಿನ್ ಟೀಚರ್ ಅವರೇ, ಬಾಂದ್ರಾದಿಂದ ಬಸ್ಸು ಬದಲಿಸಿ ಬಂದಿರುವ ನನ್ನ ಭಾವಮೈದ ಚೆನ್ನಯನವರೇ, ಕೆಲಸಕ್ಕೆ ರಜೆ ಹಾಕಿ ಬಂದ ತಾಯಂದಿರೇ, ತಂದೆಯಂದಿರೇ, ಮುಂದಿನ ಚಾಪೆಯ ಮೇಲೆ ಕುಳಿತ ಪುಟ್ಟ ಸಭಿಕರೇ,

ನಾನು ಮೋನಪ್ಪ. ಇಲ್ಲಿನ ಎಂಜಿನಿಯರಿಂಗ್ ಇನ್‌ಸ್ಟಿಟ್ಯೂಟಿನ ಗೇಟಿನೆದುರು ಚಹಾದ ಹೋಟೆಲು ನಡೆಸುವವನು. ಪವಾಯಿಯ ಈ ಸಣ್ಣ ಚರ್ಚ್ ಶಾಲೆಯ ವಿದ್ಯೆಯ ಗುಣಮಟ್ಟದ ಬಗ್ಗೆ ಕನ್ನಡದಲ್ಲೇ ಎರಡು ಮಾತಾಡಿ ಎಂದು ಫಾದರ್ ಅಪ್ಪಣೆ ಮಾಡಿದ್ದಾರೆ. ಗುಣಮಟ್ಟ! ಚಹಾದ್ದಾದರೆ ಬಣ್ಣ ನೋಡಿಯೇ ಹೇಳಿಬಿಡುತ್ತೇನೆ. ವಿದ್ಯೆಯದ್ದನ್ನು ಯಾವುದರಲ್ಲಿ ನೋಡುವುದು?

ಅರವತ್ತೆಂಟರ ಮಳೆಗಾಲದಲ್ಲಿ ನನ್ನ ಹೆಂಡತಿ ಸೇವಂತಿ ಕಾಮಾಲೆಯಿಂದ ತೀರಿಕೊಂಡಳು. ಆಸ್ಪತ್ರೆಯಿಂದ ನಾನೊಬ್ಬನೇ ಮನೆಗೆ ಬಂದೆ. ಇದೇ ಶಾಲೆಗೆ ಬರುತ್ತಿದ್ದ ಏಳು ವರ್ಷದ ಮಗಳು ರಾಜೀವಿ ಬಾಗಿಲಲ್ಲಿ ನಿಂತು, ನನ್ನ ಹಿಂದೆ ಯಾರೂ ಬರುತ್ತಿಲ್ಲವೆಂಬುದನ್ನು ನೋಡಿದಳು. ಅಂದೇ ಅವಳ ಮಾತು ನಿಂತಿತು. ಹಸಿವಾದರೆ ತಟ್ಟೆಯ ಮುಂದೆ ಕೂರುವಳು, ನಿದ್ದೆ ಬಂದರೆ ಮಲಗುವಳು. ನಾನಾದರೂ ಮಾತಾಡಿದೆನೇ? ಗಿರಾಕಿಗಳೊಂದಿಗೆ ಬಾಯಿತುಂಬ ನಗುತ್ತಿದ್ದೆ. ಮನೆಯೊಳಗೆ ಸೇವಂತಿಯ ಹೆಸರೆತ್ತುತ್ತಿರಲಿಲ್ಲ. ಮಗು ಹೆದರೀತು ಎಂದು ಅಳುತ್ತಲೂ ಇರಲಿಲ್ಲ. ಆ ತಿಂಗಳುಗಳನ್ನು ನೆನೆದರೆ ಬೆಳಗಿನ ನಮ್ಮ ಪವಾಯಿ ಕೆರೆಯೇ ಕಣ್ಣಿಗೆ ಬರುತ್ತದೆ. ಮಂಜಿನಲ್ಲಿ ಆಚೆಯ ದಡ ಇರುತ್ತದೆ, ಕಾಣುವುದಿಲ್ಲ.

ಆಗ ಚೆನ್ನಯನವರು ಬಂದರು. "ಭಾವ, ಎರಡು ಕೋಣೆ, ಮೂರು ಟೀಚರ್. ಎಂತ ವಿದ್ಯೆ ಉಂಟು ಅಲ್ಲಿ? ಬಾಂದ್ರಾದ ದೊಡ್ಡ ಶಾಲೆಯಲ್ಲಿ ಸೀಟು ಮಾಡಿಸಿದ್ದೇನೆ. ಹುಡುಗಿ ನಮ್ಮಲ್ಲೇ ಇರಲಿ" ಎಂದರು. ಸರಿಯೆನಿಸಿತು. ಮಗಳನ್ನು ಬಿಡಿಸಿಕೊಂಡು ಹೋಗಲು ಇಲ್ಲಿಗೆ ಬಂದೆ.

ಅಪೊಲಿನ್ ಟೀಚರ್ ವಾದ ಮಾಡಲಿಲ್ಲ. "ಕರಕೊಂಡು ಹೋಗಿ ಮೋನಪ್ಪನವರೇ. ಆದ್ರೆ ಈಗ ನಮ್ಮ ಶುಕ್ರವಾರದ ಕೇಳುವ ಕ್ಲಾಸು. ಅದು ಮುಗಿಯುವವರೆಗೆ ಕೂತ್ಕೊಳ್ಳಿ" ಎಂದರು. ಹಿಂದಿನ ಬೆಂಚಿನಲ್ಲಿ ಮಂಡಿ ಮಡಚಿ ಕೂತೆ.

ಕೇಳುವ ಕ್ಲಾಸೆಂದರೇನು? ಎಲ್ಲರೂ ಕಣ್ಣು ಮುಚ್ಚಬೇಕು, ಸುಮ್ಮನಿರಬೇಕು. ಆಮೇಲೆ ಕೇಳಿಸಿದ್ದನ್ನು ಅವರವರ ಭಾಷೆಯಲ್ಲಿ ಹೇಳಬೇಕು. ಅಷ್ಟೇ. ಇದಕ್ಕೂ ಒಂದು ಶಾಲೆಯೇ ಎಂದುಕೊಂಡು ನಾನೂ ಕಣ್ಣು ಮುಚ್ಚಿದೆ. ನಿಧಾನವಾಗಿ ಲೋಕ ಹತ್ತಿರ ಬಂತು. ಹೆಂಚಿನಿಂದ ತೊಟ್ಟಿಕ್ಕುವ ನೀರು. ಕೆರೆಯಲ್ಲಿ ಮುಳುಗೆದ್ದ ಯಾವುದೋ ಹಕ್ಕಿ. ಚರ್ಚಿನೊಳಗೆ ಯಾರೋ ಬೆಂಚು ಒರೆಸುವ ಸದ್ದು. ಸೇವಂತಿ ಅಕ್ಕಿ ಆರಿಸುತ್ತಿದ್ದಾಗ ಮೊರದಿಂದ ಬರುತ್ತಿದ್ದ ಸದ್ದೂ ಬಂತು. ಅದೆಲ್ಲಿಂದ ಬಂತೋ ಕಾಣೆ.

"ಹೇಳಿ ಮಕ್ಕಳೇ" ಎಂದರು ಟೀಚರ್. ಯಾರೂ ಇನ್ನೂ ಕಣ್ಣು ತೆರೆದಿರಲಿಲ್ಲ. ಕಟ್ಟಡ ಕೆಲಸದವರ ಕ್ಯಾಂಪಿನ ಚಂದ್ರಾಮ ಮೊದಲು ಹೇಳಿದ: "ನಮ್ಮವ್ವ ಉಸುಕು ಸೋಸಾಕತ್ಯಾಳ್ರಿ. ಆಕಿ ಬಳಿ ಸಪ್ಪಳ ಕೇಳಾಕತ್ತೈತಿ." ಲಕ್ಷ್ಮವ್ವಾ, ಅಷ್ಟು ದೂರದ ನಿಮ್ಮ ಬಳೆಯ ಸದ್ದು ಇಲ್ಲಿಗೆ ಕೇಳಿಸಿತ್ತು! ಇನ್ನೊಬ್ಬಳು ಮರಾಠಿಯಲ್ಲಿ ಬಸ್ಸು ಬಂತೆಂದಳು. ಆಮೇಲೆ, ನಾನು ಮರೆತೇಹೋಗಿದ್ದ ಒಂದು ದನಿ ಬಂತು.

"ಅಪ್ಪ ಅಳ್ತಾ ಇದ್ದಾರೆ."

ರಾಜೀವಿ. ಕೆನ್ನೆ ಮುಟ್ಟಿಕೊಂಡೆ. ಒದ್ದೆಯಾಗಿತ್ತು. ಸದ್ದಿಲ್ಲದೆ ಅತ್ತಿದ್ದೆ, ಆದರೂ ಅವಳಿಗೆ ಕೇಳಿಸಿತ್ತು. ಟೀಚರ್ ಹತ್ತಿರ ಬಂದು ಅವಳ ತಲೆ ಸವರಿ, "ಹೌದು ಮಗಾ, ಸರಿಯಾಗಿ ಕೇಳಿದಿ" ಎಂದರು, ಲೆಕ್ಕಕ್ಕೆ ಉತ್ತರ ಹೇಳಿದವಳಿಗೆ ಹೇಳುವ ಹಾಗೆ.

ಅಂದು ನಾವಿಬ್ಬರೂ ಕೆರೆಯ ದಂಡೆಯ ಮೇಲೆ ಅವಳಮ್ಮನ ಬಗ್ಗೆ ಮಾತಾಡುತ್ತ ಮನೆಗೆ ನಡೆದೆವು. ಬಾಂದ್ರಾದ ಸೀಟು ಯಾರಿಗೆ ಹೋಯಿತೋ, ಚೆನ್ನಯನವರಿಗೇ ಗೊತ್ತು. "ಅಲ್ಲ ಭಾವ, ಕಣ್ಣು ಮುಚ್ಚಿ ಕೂತರೆ ವಿದ್ಯೆ ಬರ್ತದಾ?" ಎಂದು ರೇಗಿದರು. ಬರುತ್ತದೆ. ಇಲ್ಲಿಂದ ಹೋದ ಮಕ್ಕಳು ಡಿಕ್ಟೇಷನ್‌ನಲ್ಲಿ ತಪ್ಪುವುದಿಲ್ಲ ಎಂದು ದೊಡ್ಡ ಶಾಲೆಯವರೇ ಹೇಳುತ್ತಾರೆ. ಬರುವ ಜೂನ್‌ನಲ್ಲಿ ಒಂದನೇ ಕ್ಲಾಸಿಗೆ ಟೀಚರಾಗಿ ಬರುವವಳು ರಾಜೀವಿಯೇ.

ಇನ್ನೊಂದು ಮಾತಿದೆ. ಆಮೇಲೂ ಶುಕ್ರವಾರಗಳಂದು ನಾನು ಹಿಂದಿನ ಬೆಂಚಿಗೆ ಬರುತ್ತಿದ್ದೆ. ಮಗಳು ಈ ಶಾಲೆ ಬಿಟ್ಟ ಮೇಲೂ ಬಂದೆ. ಯಾಕೆ ಬರುತ್ತೀರಿ ಎಂದು ಯಾರೂ ಕೇಳಲಿಲ್ಲ. ಎಪ್ಪತ್ತನಾಲ್ಕರಲ್ಲಿ ಒಂದು ಸಂಜೆ, ಈ ಮೆಟ್ಟಿಲ ಮೇಲೆ, "ಟೀಚರ್, ನಿಮ್ಮ ಹತ್ತಿರ ಒಂದು ಮಾತು ಹೇಳಲಿಕ್ಕುಂಟು" ಎಂದೆ. "ನಂಗೆ ಕೇಳಿಸಿದೆ ಮೋನಪ್ಪನವರೇ. ಈಗ ಬೇಡ" ಎಂದರು. ನಾನು ನಮ್ಮ ದೈವಗಳಿಗೆ ಕೈಮುಗಿಯುವವನು, ಅವರು ಮೇರಿ ಮಾತೆಗೆ. ಮಾತನ್ನು ಅಲ್ಲಿಗೇ ಬಿಟ್ಟೆ. ಶುಕ್ರವಾರಗಳನ್ನು ಬಿಡಲಿಲ್ಲ. ಕ್ಷಮಿಸಿ ಫಾದರ್, ಇದು ಗುಣಮಟ್ಟದ ವಿಷಯವಲ್ಲ.

ಈಗ ಊರಿನಲ್ಲಿ ಟೀಚರ್ ಅವರ ತಾಯಿ ಹಾಸಿಗೆ ಹಿಡಿದಿದ್ದಾರೆ. ಅವರನ್ನು ನೋಡಿಕೊಳ್ಳಲೆಂದು ಟೀಚರ್ ನಾಳೆ ಸಯನ್‌ನಿಂದ ಮಂಗಳೂರು ಬಸ್ಸು ಹತ್ತುತ್ತಾರೆ. ಇವತ್ತು ಬೆಳಿಗ್ಗೆ ರಾಜೀವಿ, "ಅಪ್ಪ, ನೀವೂ ಹೋಗಿ. ಹೋಟೆಲು ಮಾವ ನೋಡ್ಕೊಳ್ತಾರೆ" ಎಂದಳು. ಚೆನ್ನಯನವರೇ, ಗಾಬರಿಯಾಗಬೇಡಿ. ಎಷ್ಟು ದಿನಕ್ಕೆಂದೂ ಕೇಳಬೇಡಿ, ನನಗೇ ತಿಳಿಯದು. ಸಭೆಗೆ ಸ್ವಲ್ಪ ಮೊದಲು, "ನಾನೂ ಬರಬಹುದಾ?" ಎಂದು ಟೀಚರನ್ನು ಕೇಳಿದೆ.

"ಕಿಟಕಿ ಹತ್ರದ ಸೀಟು ನಂಗೆ" ಎಂದರು.

ಮಾತು ಹಾದಿ ಬಿಟ್ಟು ಹೋದರೂ ತಾಳ್ಮೆಯಿಂದ ಕೇಳಿದ ತಮಗೆಲ್ಲ ನಾನು ಋಣಿ. ಹೊರಗೆ ನಮ್ಮ ಹೋಟೆಲಿನದೇ ಚಹಾ ಇದೆ, ಕುಡಿದೇ ಹೋಗಬೇಕು. ನಮಸ್ಕಾರ.