ಲಕೋಟೆ ಮೇಲಿನ ರುಜು

...ಇನ್ನೊಂದ್ಸಲ ನೋಡು ಅಂದೆ ಕಣೇ ಅನಘಾ, ನೋಡಿದ್ರೆ ಮೊಬೈಲೇನೂ ಸವೆಯಲ್ಲ. "ಅಯ್ಯೋ ಅಜ್ಜಿ, ಈಗ ತಾನೆ ನೋಡ್ದೆ ಲಾ!" ಅಂತ ಇಲ್ಲಿನೋರ ಥರ ರಾಗ ಎಳೀತೀಯ. ನಿನಗೇನಮ್ಮ, ಸಿಂಗಪುರದಲ್ಲಿ ವೋಟು ಅಂದ್ರೆ ಪಕ್ಕದ ಬ್ಲಾಕಿಗೆ ಹೋಗಿ ಬರೋದು. ನಾನು ನಿಮ್ಮ ಪುಂಗೋಲ್ ಬಡಾವಣೆಯ ಈ ಕಾರಿಡಾರಲ್ಲಿ ನಿಂತು, ಅಮೆರಿಕಾದಲ್ಲಿ ಬಿಟ್ಟು ಬಂದ ಊರಿಗೆ ವೋಟು ಹಾಕಿದೀನಿ. ಅದು ಎಣಿಕೆಗೆ ಸೇರುತ್ತೋ ಕಸಕ್ಕೆ ಸೇರುತ್ತೋ ಇನ್ನೂ ಗೊತ್ತಿಲ್ಲ. ನೀನು ಕೂತ್ಕೋ. ನಾನು ಓಡಾಡ್ತಾನೇ ಹೇಳ್ತೀನಿ, ಕೂರೋಕಾಗಲ್ಲ ನನಗೆ.

ಅಲ್ಲಿ ನಿಮ್ಮ ತಾತ ತೀರಿಕೊಂಡಾಗ ನಿಮ್ಮಮ್ಮ ಇಷ್ಟುದ್ದ ಇದ್ಲು. ನನಗೆ ಇಂಗ್ಲಿಷ್ ಬರ್ತಿರ್ಲಿಲ್ಲ, ಕಾರು ಬರ್ತಿರ್ಲಿಲ್ಲ, ಹಿಮದ ಮೇಲೆ ನಡೆಯೋದೂ ಬರ್ತಿರ್ಲಿಲ್ಲ. ಅಡುಗೆ ಬರ್ತಿತ್ತು. ನಮ್ಮೋರ ಮನೆಗಳಿಗೆ ಊಟದ ಡಬ್ಬಿ ಕಟ್ಟಿಕೊಟ್ಟೆ, ಡಬ್ಬಿ ಕಳೀಬಾರ್ದು ಅಂತ ಒಂದೊಂದು ಮುಚ್ಚಳದ ಮೇಲೂ ಕನ್ನಡದಲ್ಲಿ "ಜಯಮ್ಮ" ಅಂತ ಬರೀತಿದ್ದೆ. ಡಬ್ಬಿ ಕೊಟ್ಟು ಬಂದ್ರೆ ಮನೇಲಿ ಹೀಟರ್ ಹಾಕೋಕೆ ಮನಸ್ಸು ಬರ್ತಿರ್ಲಿಲ್ಲ, ಲೈಬ್ರರೀಲಿ ಪುಕ್ಕಟೆ ಬೆಚ್ಚಗಿರ್ತಿತ್ತು. ಓದೋಕಲ್ಲ ಕಣೇ ಹೋಗಿದ್ದು, ಬೆಚ್ಚಗಿರೋಕೆ. ಸುಮ್ನೆ ಕೂತ್ರೆ ಎಬ್ಬಿಸಿಬಿಡ್ತಾರೇನೋ ಅಂತ ಮಕ್ಕಳ ಪುಸ್ತಕ ಮುಂದಿಟ್ಕೊಳ್ತಿದ್ದೆ. ಇಟ್ಕೊಂಡು ಇಟ್ಕೊಂಡು ಓದೋಕೇ ಬಂತು. ಯಾರೂ ಕಲಿಸ್ಲಿಲ್ಲ ನೋಡು, ನಾನೇ! ಆ ಓದಿನಿಂದಲೇ ಪರೀಕ್ಷೆ ಪಾಸು ಮಾಡಿ ಅಲ್ಲಿನ ಪ್ರಜೆ ಆದೆ, ವೋಟಿಗೆ ಹೆಸರು ಬರೆಸ್ದೆ. ಅಲ್ಲೂ ರುಜು ಹಾಕಿದ್ದು ಡಬ್ಬಿ ಮೇಲೆ ಬರೀತಿದ್ದ ಹಾಗೇ, ಕನ್ನಡದಲ್ಲಿ.

ಮೊದಲ ಸಲ ವೋಟಿಗೆ ಹೋದೆನಾ, ಚೀಟಿ ಮೊಳದುದ್ದ! ಎತ್ತಿಲ್ಲ, ದೀಪ ಇಲ್ಲ, ಒಂದು ಗುರುತೂ ಇಲ್ಲ, ಬರೀ ಹೆಸರು. ಅಧ್ಯಕ್ಷರು, ಜಡ್ಜು, ಸ್ಕೂಲ್ ಬೋರ್ಡು, ಎಲ್ಲಾ ಒಂದೇ ಚೀಟೀಲಿ. ಹೆಸರಿನ ಪಕ್ಕ ಮೊಟ್ಟೆ ಥರ ಇರುತ್ತೆ, ಅದಕ್ಕೆ ಕಪ್ಪು ತುಂಬಬೇಕು. ತುಂಬಿ ಮೆಷಿನ್ನಿಗೆ ತೂರಿಸಿ, ಶಾಯಿ ಹಚ್ಚಲಿ ಅಂತ ಎಡಗೈ ಬೆರಳು ಚಾಚಿಕೊಂಡು ನಿಂತೆ. ಅಲ್ಲಿದ್ದ ಮುದುಕಪ್ಪ ಆ ಬೆರಳನ್ನೇ ಹಿಡಿದು ಕುಲುಕಿ, "ಥ್ಯಾಂಕ್ಯೂ ಮೇಡಂ" ಅಂತ ಒಂದು ಸ್ಟಿಕ್ಕರ್ ಕೊಟ್ಟ!

ಏನು ಹೇಳ್ತಿದ್ದೆ... ಹಾಂ, ಈ ಸಲ. ಚೀಟಿ ಕೊನೇಲಿ ನಮ್ಮ ಲೈಬ್ರರಿ ಇತ್ತು ಕಣೇ. ಅದನ್ನ ನಡೆಸೋಕೆ ಮನೆ ತೆರಿಗೆ ಸ್ವಲ್ಪ ಏರಿಸೋಣವಾ, ಹೌದು, ಇಲ್ಲ. ಇಲ್ಲ ಅಂದೋರು ಜಾಸ್ತಿ ಆದ್ರೆ ಬಾಗಿಲು ಹಾಕ್ತಾರೆ. "ಹೌದು" ಅನ್ನೋದಕ್ಕೆ ಒತ್ತಿ ಒತ್ತಿ ಕಪ್ಪು ತುಂಬ್ದೆ. ಅಂಚೆ ವೋಟು ನನಗಿದೇ ಮೊದಲು. ಚೀಟಿಯನ್ನ ಹೆಸರಿಲ್ಲದ ಲಕೋಟೇಲಿ ಹಾಕಿ, ಅದನ್ನ ಇನ್ನೊಂದು ಲಕೋಟೇಲಿ ಹಾಕಿ, ಹೊರಗಿನದರ ಮೇಲೆ ರುಜು. ಅದನ್ನ ಅವರು ಹಳೇ ರುಜು ಜೊತೆ ತಾಳೆ ನೋಡ್ತಾರೆ. ನಿಮ್ಮಪ್ಪ ಬಂದ. "ಅತ್ತೆ, ಕನ್ನಡದಲ್ಲಿ ಹಾಕಿದ್ರೆ ಅವರಿಗೇನು ಅರ್ಥ ಆಗುತ್ತೆ? ಇಂಗ್ಲಿಷಲ್ಲಿ ಹಾಕಿ, ಸೇಫ್." ಜನ್ಮದಲ್ಲಿ ಯಾರ ಮಾತೂ ಕೇಳದೋಳು ಅವತ್ತು ಕೇಳ್ದೆ ನೋಡು!

ಬಂತಲ್ಲ ಇಮೇಲು, ರುಜು ತಾಳೆ ಆಗ್ತಿಲ್ಲ, ಹೊಸದಾಗಿ ಹಾಕಿ ಕಳಿಸಿ, ಇಲ್ಲಾಂದ್ರೆ ಲಕೋಟೆ ಒಡೆಯಲ್ಲ ಅಂತ. ನಿಮ್ಮಪ್ಪ ಏನಂದ? "ಬಿಡಿ ಅತ್ತೆ, ಅಧ್ಯಕ್ಷರ ಚುನಾವಣೇಲಿ ನಿಮ್ಮ ರಾಜ್ಯದಲ್ಲಿ ಯಾರು ಗೆಲ್ತಾರೆ ಅಂತ ಎಲ್ಲರಿಗೂ ಗೊತ್ತು. ಒಂದು ವೋಟು ಜಾಸ್ತಿ ಬಂದ್ರೂ ಸಾಕು, ಗೆದ್ದೋರಿಗೇ ಇಡೀ ರಾಜ್ಯದ ಲೆಕ್ಕ ಹೋಗುತ್ತೆ. ನಿಮ್ಮ ಒಂದು ವೋಟು ಏನ್ ಮಾಡುತ್ತೆ?" "ಅಧ್ಯಕ್ಷರ ವಿಷಯ ಯಾರು ಕೇಳಿದ್ರು?" ಅಂದೆ. "ಚಳೀಲಿ ನನ್ನ ಕೂರಿಸ್ಕೊಂಡಿದ್ದು ಅವರಾ, ಲೈಬ್ರರಿಯಾ?"

ಕನ್ನಡದಲ್ಲೇ ಹಾಕೋಣ ಅಂತ ಕೂತೆ. ಪೇಪರ್ ಅಂಚಿನಲ್ಲೆಲ್ಲಾ ಬರೆದು ನೋಡ್ದೆ, ಮಕಾರದ ಒತ್ತು ಎಲ್ಲೋ ಜಾರಿಹೋಗ್ತಿತ್ತು. ಯಾರದೋ ರುಜು ಕದ್ದು ಬರೀತಿದೀನೇನೋ ಅನ್ನೋ ಹಾಗೆ. ರೇಗಿ ಎದ್ದು ಅಡುಗೆಮನೆ ಕಟ್ಟೆ ಮುಂದೆ ನಿಂತೆ. ಡಬ್ಬಿ ಮೇಲೆ ಯಾವತ್ತು ಕೂತು ಬರೆದಿದ್ದೆ ನಾನು? ನಿಂತೇ, ಸಾರು ಕುದೀತಿರೋವಾಗ ಒಂದೇ ಎಳೆತಕ್ಕೆ. ಹಾಗೇ ಎಳೆದೆ. ನಿಮ್ಮಪ್ಪನ ಕೈಲೇ ಸ್ಕ್ಯಾನ್ ಮಾಡಿಸಿ ಕಳಿಸ್ದೆ. ಈಗ ನೋ...

ಏನು? ಬಂತಾ? ಜೋರಾಗಿ ಓದು. ಸ್ವೀಕರಿಸಿದಾರಾ! ಲೈಬ್ರರಿ ಎಣಿಕೆ ಇನ್ನೂ ಮುಗಿದಿಲ್ವಾ? ಎಣಿಸ್ಲಿ, ಎಣಿಸ್ಲಿ, ನಂದೂ ಅದರಲ್ಲಿದೆ. ಆ ಕುರ್ಚಿ ಎಳಿ ಇತ್ಲಾಗೆ, ಕೂರ್ತೀನಿ. ನೀನೂ ಕೇಳಿಸ್ಕೋ, ಬೇರೆಯೋರಿಗೆ ಅರ್ಥ ಆಗಲ್ಲ ಅಂತ ನಿನ್ನ ರುಜು ಬದಲಾಯಿಸ್ಬೇಡ. ಹಾಕೋದು ನಿನ್ನ ಕೆಲಸ, ತಾಳೆ ನೋಡೋದು ಅವರ ಕೆಲಸ.