ಹೊಗಿ ಕಾಣದ ಹತ್ತಿ

...ನಗಬ್ಯಾಡ್ರಿ ಮಾಲಿಂಗಪ್ಪ ಕಾಕಾ! ಖರೇನಽ ಹೇಳಾಕತ್ತೇನಿ. ಇಗೋ ನೋಡ್ರಿ, ಮೂರು ಬಸ್ಸಿನ ಹೊಗಿ ಕೊಳವಿಗೆ ಕಟ್ಟಿದ ಮೂರು ಹಿಡಿ ಹತ್ತಿ. ಇಲ್ಲೇ ನಿಮ್ಮ ಲಕ್ಕಲಕಟ್ಟಿ ದಾರಿಯಾಗ ಕಟ್ಟಿದ್ದು, ರೋಣದಾಗ ಊರ ಪಂಚರ ಮುಂದ ಬಿಚ್ಚಿದ್ದು. ಹತ್ತೀನೂ ನಿಮ್ಮ ಹೊಲದ್ದಽ ರೀ!

ಇದು ಯುದ್ಧದ ಕಾಲದ ಇದ್ದಲಿ ಬಸ್ಸಿಂದು. ಥೂ, ಥೇಟ್ ಹಂಚಿನ ತಳದ ಮಸಿ! ಇದು ಮಲಿಕಸಾಬನ ಪೆಟ್ರೋಲ್ ಬಸ್ಸಿಂದು. ಬೂದಿ ಬಣ್ಣ... ಮೂಸಿ ನೋಡ್ರಿ... ಹಾಂ, ತಲಿ ತಿರಗ್ತೈತಲ್ಲ? ಇನ್ನ ಇದು! ನಮ್ಮ ಧಣ್ಯಾರ ಹೊಸಾ ಡೀಸೆಲ್ ಬಸ್ಸಿಂದು! ಮಲ್ಲಿಗಿ ರೀ, ಮಲ್ಲಿಗಿ!

ಏನಂದ್ರಿ? ಡೀಸೆಲ್ ಹೊಗಿ ಎಲ್ಲಾಕ್ಕಿಂತ ಕರ್ರಗ? ಅದು ಹಳೇ ಮಾತ್ರಿ! ಸ್ವರಾಜ್ಯ ಬಂದೈತಿ, ಇನ್ನೂ ಹೊಗಿ ಕರ್ರಗಽ ಇರಬೇಕಂತ ಕಾಯಿದೆ ಐತೇನು?

ಮುಂಜಾನೆ ಬಿಟ್ಟ ಬಸ್ಸು ರೋಣಕ್ಕ ಸಂಜಿಗೆ ಮುಟ್ಟಿತಾ? ಯಾರ್ ಹೇಳಿದ್ರು?... ಹ್ಞಾಂ, ಸಾವಕಾಶ ಹೋದ್ವಿ. ಒಂದು ಕುಲುಕಾಟ ಇಲ್ಲ, ಸಪ್ಪಳ ಇಲ್ಲ! ಮುಶಿಗೇರಿ ಹೊಳೆವ್ವ ಕುಂತಲ್ಲೇ ಗೊರಕಿ ಹೊಡದ್ಲು!

ಅಲ್ರೀ, ನಾ ಇಷ್ಟು ಮಾತಾಡಾಕತ್ತೇನಿ, ನೀವು ಎತ್ತಿನ ಹೆಗಲಿಗೆ ಅರಿಷಿಣ ಹಚ್ಚಕೋತ ಕುಂತೀರಿ. ಬಾತೈತೇನ್ರಿ? ಅಯ್ಯ ಪಾಪ... ಯಾವನೋ ಮಿತಿ ಮೀರಿ ಎಳಸಿರಬೇಕು.

ಇರಲಿ. ನಿಮ್ಮ ಮಗಳು ರೇಣವ್ವನ ಮದುವಿ ನಿಬ್ಬಣ ನರಗುಂದಕ್ಕ ನಮ್ಮ ಬಸ್ಸಿನಾಗಽ ಹೋಗ್ಬೇಕು. ಹೂಂ ಅಂದ್ಬಿಡ್ರಿ! ಈ ನಿಬ್ಬಣ ಹಿಡದ್ರ ನಾ ಕಂಡಕ್ಟರ್. ಇಲ್ಲಂದ್ರ ನಾಳಿಂದ ಮಾರಿ ತೋರಸಬ್ಯಾಡ ಅಂದಾರ ಧಣ್ಯಾರು. ಮದುಮಗಳ ಸೀರಿಗೆ ಒಂದು ಮಸಿ ಚುಕ್ಕಿ ಬಿದ್ರ ನನ್ನ ಕೇಳ್ರಿ!

...ಕಾಕಾ?... ಆ ಹಗ್ಗ ಯಾಕ ನನ್ನ ಮುಂದ ಹಿಡೀತೀರಿ? ಎಣ್ಣಿ ಹತ್ತೈತಿ... ಹೌದು, ಕರೇ ಎಣ್ಣಿ... ಬಸ್ಸಿಂದಽ ಅಂತ ಹ್ಯಾಂಗ... ನಿಮ್ಮ ಆಳು ಹುಚ್ಚಪ್ಪ ಏನರ ಅಂದ್ನೇನ್ರಿ? ಯಾರಿಗೂ ಹೇಳಂಗಿಲ್ಲ ಅಂತ ಆಣಿ ಮಾಡಿದ್ನಲ್ರೀ! ನಾ ಏನ್ ಮಾಡ್ಲಿ, ಹತ್ತಿ ಕಟ್ಟಿದ್ದಽ ತಡ, ಎಂಜಿನ್ ಕುಂತುಬಿಡ್ತು... ರೋಣದ ಅಗಸಿ ಹೊರಗಽ ನಿಮ್ಮ ಎತ್ತು ಬಿಚ್ಚಿ ಕಳಿಸಿದ್ನಿ, ಅಲ್ಲಿಂದ ಮಂದಿ ನೂಕಿದ್ರು... ಪಂಚರು ಯಾರೂ ನೋಡಲಿಲ್ಲ...

ಬೈಯರ ಬೈರಿ ಕಾಕಾ.

...ಆತ್ರಿ. ಕೊಡ್ರಿ ಇತ್ತ ಅರಿಷಿಣದ ಬಟ್ಟಲಾ. ಆ ಇನ್ನೊಂದು ಎತ್ತಿಗೆ ನಾ ಹಚ್ತೇನಿ. ಹಚ್ಚಾಕ ಹತ್ತಿ ಬೇಕೇನ್ರಿ?... ಐತಲ್ರಿ.

ಬಿಳೇದು.